ಬೀಗರು ಎಕ್ಸ್‌ರೇ ನೋಡಿದ ದಿನ

ಗಂಡಿನ ಕಡೆಯವನು ಕನ್ನಡಕದ ಅಂಗಡಿಯವನು. ಹೆಣ್ಣಿನ ಕಡೆಯವಳು ಎದುರು ಸಾಲಿನಲ್ಲಿ ಕಿಟಕಿ ಪರದೆ ಹೊಲಿಯುವವಳು. ಗಂಡು ದಿಂಬು, ಹೆಣ್ಣು ಜೀರಿಗೆ. ಎರಡೂ ಲ್ಯಾಬ್ರಡಾರ್ ನಾಯಿಗಳು. ಅವುಗಳ ಸಂಬಂಧ ಕುದುರಿಸುವ ನೆಪದಲ್ಲಿ ಇವರಿಬ್ಬರೂ ಬೀಗರೇ, ಬೀಗಿತ್ತಿ ಎಂದು ಕರೆದುಕೊಳ್ಳುತ್ತ ಸಂಜೆಗಳನ್ನು ಕಳೆಯುತ್ತಿದ್ದರು. ಒಳಗುಟ್ಟು ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದವರು ಅವರಿಬ್ಬರೇ.

ಶುರುವಾದದ್ದು ಅವನ ಅಂಗಡಿಯ ಕುರ್ಚಿಯಲ್ಲಿ. ಬಸ್ಸಿನ ನಂಬರ್ ಕಾಣದೆ ತಪ್ಪು ಬಸ್ ಹತ್ತಿ ಎಲ್ಲೋ ಇಳಿದಿದ್ದಳು, ಮಾರನೆಯ ದಿನವೇ ಕಣ್ಣು ತೋರಿಸಲು ಬಂದಿದ್ದಳು.

"ಬೋರ್ಡ್ ನೋಡಿ," ಅಂದ.

"ನೋಡ್ತಾ ಇದ್ದೀನಲ್ಲ."

"ಅದು ನನ್ನ ಮುಖ. ಬೋರ್ಡ್ ಗೋಡೆ ಮೇಲಿದೆ."

ನಾಚಿಕೆಯಲ್ಲಿ ಅವಳು, ಕಾಣುವ ಅಕ್ಷರವನ್ನೂ ತಪ್ಪು ಓದಿದಳು. ಅವನು ನಗು ನುಂಗಿಕೊಂಡು ಇನ್ನೊಂದು ಗಾಜು ತರಲು ಎದ್ದ. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾನೆ ಎಂದು ಅವಳಿಗೆ ಆಗ ಗೊತ್ತಾಯಿತು. ಕೆಲವು ದಿನ ಅದು ಕಣ್ಣಿಗೆ ಬೀಳುತ್ತಿತ್ತು, ಆಮೇಲೆ ಬೀಳುವುದೇ ನಿಂತಿತು. ಒಲಿದವರ ಕುಂದು ಯಾರಿಗೆ ತಾನೇ ಕಾಣುತ್ತದೆ?

ಹೋದ ವಾರ ಅವಳೇ ಕೆಣಕಿದ್ದಳು. "ಇವರಿಬ್ಬರದ್ದು ಆದ್ಮೇಲೆ ಬೀಗರಿಗೆ ಏನು ಕೆಲಸ?"

"ಮೊದಲು ಸೊಂಟದ ಎಕ್ಸ್‌ರೇ ಆಗ್ಲಿ ಬೀಗಿತ್ತಿ. ಈ ಜಾತಿ ನಾಯಿಗೆ ಅದನ್ನ ನೋಡದೆ ಮರಿ ಮಾಡಿಸಬಾರದಂತೆ. ಆಮೇಲೆ ನಿಮ್ಮನ್ನ ಒಂದು ಮಾತು ಕೇಳೋದಿದೆ."

ಆ ಒಂದು ಮಾತಿಗೆ ವಾರವಿಡೀ ಅವಳ ಕಾಲು ನೆಲದ ಮೇಲಿರಲಿಲ್ಲ. ಪರದೆಯ ರಿಂಗುಗಳನ್ನು ತಳದ ಅಂಚಿಗೆ ಹೊಲಿದಳು. "ಏನೇ, ಈ ಗಿರಾಕಿ ಮನೆಯವರು ತಲೆಕೆಳಗಾಗಿ ನಿಂತು ಹೊರಗೆ ನೋಡ್ತಾರಾ?" ಎಂದು ಅಕ್ಕ ಬೈದರೆ ಅದಕ್ಕೂ ನಕ್ಕಳು.

ನಾಯಿ ಆಸ್ಪತ್ರೆಯಲ್ಲಿ ಮೊದಲು ತೆಗೆದ ಜೀರಿಗೆಯ ಎಕ್ಸ್‌ರೇ ಚೆನ್ನಾಗಿಯೇ ಬಂತು. ದಿಂಬುವನ್ನು ಇಂಜೆಕ್ಷನ್ ಕೊಟ್ಟು ಮಲಗಿಸಿ, ಕಾಲು ಚಾಚಿಸಿ ತೆಗೆದ ಚಿತ್ರವನ್ನು ಡಾಕ್ಟರಮ್ಮ ಕಂಪ್ಯೂಟರ್ ಪರದೆಯ ಮೇಲೆ ತೋರಿಸಿದರು.

"ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಲ್ಲಿ ಕೂರಬೇಕು. ಇವನ ಬಟ್ಟಲು ಆಳವೇ ಇಲ್ಲ, ಗುಂಡು ಅರ್ಧ ಹೊರಗಿದೆ. ತೂಕ ಏರದ ಹಾಗೆ ನೋಡ್ಕೊಂಡ್ರೆ ಇವನ ಜೀವನಕ್ಕೆ ತೊಂದರೆ ಇಲ್ಲ. ಆದರೆ ಮರಿ ಮಾಡಿಸೋದು ಬೇಡ ಅಂತೀನಿ. ಎಲ್ಲ ಮರಿಗೂ ಬರುತ್ತೆ ಅಂತಿಲ್ಲ. ಯಾವುದಕ್ಕೆ ಬರುತ್ತೆ ಅಂತ ಮೊದಲೇ ಹೇಳೋಕೂ ಆಗಲ್ಲ."

ದಿಂಬು ಎರಡೂ ಹಿಂಗಾಲು ಜೋಡಿಸಿ ಮೊಲದ ಹಾಗೆ ಕುಪ್ಪಳಿಸಿ ಮೆಟ್ಟಿಲು ಹತ್ತುತ್ತಿದ್ದದ್ದು ಅವಳಿಗೆ ನೆನಪಾಯಿತು. ಅದನ್ನು ನೋಡಿ ಎಷ್ಟು ನಕ್ಕಿದ್ದಳು! ಅವಳ ಬಾಯಂತೂ ಯಾವಾಗಲೂ ಬುದ್ಧಿಗಿಂತ ಒಂದು ಹೆಜ್ಜೆ ಮುಂದೆ.

"ಬೇಡವೇ ಬೇಡ ಡಾಕ್ಟ್ರೇ. ಗೊತ್ತಿದ್ದೂ ಗೊತ್ತಿದ್ದೂ ಇಂಥ ಸೊಂಟಾನ ಇನ್ನೊಂದು ಜೀವಕ್ಕೆ ಕೊಡೋದಾ? ಅದಕ್ಕಿಂತ ಪಾಪ ಇಲ್ಲ."

ದಿಂಬುವಿನ ಕಿವಿ ಸವರುತ್ತಿದ್ದ ಅವನ ಕೈ ನಿಂತಿತು. "ಸರಿಯಾಗಿ ಹೇಳಿದ್ರಿ," ಅಂದ. ಬೀಗಿತ್ತಿ ಎನ್ನಲಿಲ್ಲ.

ಆಗ ಅವಳಿಗೆ ಅವನ ಎಡಗಾಲು ಮತ್ತೆ ಕಂಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಪಾಪ, ಈ ಹುಡುಗಿಗೆ ಎರಡೂ ಒಟ್ಟಿಗೇ ಹೋದವು.

ದಿಂಬುವಿಗೆ ಎಚ್ಚರವಾಗುವವರೆಗೆ ಇಬ್ಬರೂ ಹೊರಗಿನ ಬೆಂಚಿನಲ್ಲಿ ಕೂತರು. ನಡುವೆ ಜೀರಿಗೆ.

"ನಾನು ನಾಯಿ ಬಗ್ಗೆ ಹೇಳಿದ್ದು," ಅಂದಳು.

"ಗೊತ್ತು. ತಪ್ಪೇನಿಲ್ಲ. ನಾನೂ ನನಗೆ ಅದನ್ನೇ ಹೇಳ್ಕೊಂಡು ಬಂದಿರೋದು."

"ಈಗೆಲ್ಲ ಮಗು ಹುಟ್ಟಿದ ಕೂಡ್ಲೇ ನೋಡಿ ಸರಿ ಮಾಡ್ತಾರಂತೆ."

"ನನಗೂ ಮಾಡಿದ್ರು. ಮತ್ತೆ ಮತ್ತೆ ಕೊಯ್ದರು. ಅಮ್ಮಂಗೂ ಇದೇ ಸೊಂಟ. ಆಪರೇಷನ್ ಬಾಗಿಲ ಹೊರಗೆ ಕೂತು, ನನ್ನಿಂದ ಬಂತು, ನನ್ನಿಂದ ಬಂತು ಅಂತ ಅಳ್ತಿದ್ರು. ಆ ಜಾಗದಲ್ಲಿ ನಾನು ಕೂರಲ್ಲ. ನಿಮ್ಮನ್ನೂ ಕೂರಿಸಲ್ಲ."

ಅವಳು ಜೀರಿಗೆಯ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡಳು. "ಏನೋ ಕೇಳೋದಿದೆ ಅಂದಿದ್ರಿ."

"ಅದನ್ನೇ. ಮಕ್ಕಳಿಲ್ಲದೆ, ಬರೀ ನನ್ನ ಜೊತೆ ಇರ್ತೀರಾ ಅಂತ." ಅವನು ಅವಳ ಕಡೆ ತಿರುಗಿದ. "ಬೋರ್ಡ್ ಬೇಡ. ನನ್ನನ್ನೇ ನೋಡಿ ಹೇಳಿ."

ಅವಳಿಗೆ ಅವನು ಬೇಕಿತ್ತು. ಉಸಿರಿನಷ್ಟು ಬೇಕಿತ್ತು. ಆದರೆ ಅವಳ ಹೊಲಿಗೆ ಅಂಗಡಿಯ ಪೆಟ್ಟಿಗೆಯಲ್ಲಿ, ಉಳಿದ ಪರದೆ ಬಟ್ಟೆಯಿಂದ ಹೊಲಿದಿಟ್ಟ ಪುಟಾಣಿ ಅಂಗಿಗಳಿದ್ದವು. ಯಾರ ಮಗುವಿಗೂ ಅಲ್ಲ, ಎಂದೋ ತನ್ನ ಮಡಿಲಿಗೆ ಬರುವ ಮಗುವಿಗೆ. ಒಂದೊಂದರ ಬಣ್ಣವೂ ಅವಳ ಕಣ್ಮುಂದೆ ಬಂತು.

"ಇರ್ತೀನಿ," ಅಂದಳು. ಅನ್ನುವ ಮೊದಲೇ ಕಣ್ಣು ಕೆಳಗಿಳಿದಿತ್ತು.

ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ನಂಬುತ್ತಿದ್ದರು. ಕಣ್ಣು ನೋಡುವುದೇ ಅವನ ಕಸುಬು.

"ಸುಳ್ಳು ಹೇಳೋಕೆ ನಿಮಗೆ ಬರಲ್ಲ ಬೀಗಿತ್ತಿ," ಅಂದ. ಆ ಪದ ಕೇಳಿದ್ದೇ ತಡ, ಅವಳು ತಡೆದುಕೊಂಡಿದ್ದ ಅಳು ಹೊರಗೆ ಬಂತು. ಅವನು ಅವಳ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಎರಡೂ ಗಾಜು ಒರೆಸಿ, ಕಿವಿಯ ಹಿಂದೆ ಮೆಲ್ಲಗೆ ಮತ್ತೆ ಕೂರಿಸಿದ. ಬೆರಳು ಅಲ್ಲೇ ಒಂದು ಗಳಿಗೆ ನಿಂತಿತ್ತು.

"ಜೀರಿಗೆಗೆ ಒಳ್ಳೆ ಗಂಡು ನೋಡಿ. ಮರಿಗಳು ಚೆನ್ನಾಗಿರಲಿ."

"ನಮಗೆ ಬೇರೆ ಯಾರೂ ಬೇಡ."

"ಜೀರಿಗೆ ಬಗ್ಗೆ ಹೇಳಿದ್ದು," ಎಂದು ನಗಲು ನೋಡಿದ. ಆಗಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಕರೆದರು. ಅವನು ದಿಂಬುವನ್ನು ನಡೆಸಿಕೊಂಡು ಬಂದು, ಅವಳತ್ತ ಒಮ್ಮೆ ತಲೆ ಬಾಗಿಸಿ, ರಸ್ತೆಗಿಳಿದ. ಅವನೂ ದಿಂಬುವೂ ನಿಧಾನವಾಗಿ, ಒಬ್ಬರಿಗೊಬ್ಬರು ಕಾಯುತ್ತ ನಡೆದರು. ಜೀರಿಗೆ ಹಗ್ಗ ಜಗ್ಗಿ ಕುಂಯ್‌ಗುಟ್ಟಿತು. ಹಳೆಯ ಕಣ್ಣಾಗಿದ್ದರೆ ನಾಲ್ಕು ಹೆಜ್ಜೆಗೇ ಅವನು ಮಸುಕಾಗಿಬಿಡುತ್ತಿದ್ದ. ಅವನೇ ಮಾಡಿಕೊಟ್ಟ ಕನ್ನಡಕವಲ್ಲವೇ, ತಿರುವಿನವರೆಗೂ ಪ್ರತಿ ಹೆಜ್ಜೆಯೂ ಸ್ಪಷ್ಟವಾಗಿ ಕಾಣಿಸಿತು.