ಹೆಸರು ಕೆರೆದ ರೆಕಾರ್ಡ್

2023ರ ಮಾರ್ಚ್ 12, ಭಾನುವಾರ, ಸಂಜೆ 7.40. ಪುಯೆಬ್ಲಾ ನಗರದ ಠಾಣೆಯೊಂದಕ್ಕೆ ಫಿದೆನ್ಸಿಯೊ ಎಂಬಾತ ಏದುಸಿರು ಬಿಡುತ್ತ ಬಂದ. ಲಾರಿ ತುಂಬ ಸ್ಪೀಕರ್ ಹೇರಿಕೊಂಡು ಊರೂರು ತಿರುಗಿ, ಬೀದಿಯಲ್ಲಿ ಕುಂಬಿಯಾ ಎಂಬ ಕುಣಿತದ ಹಾಡಿನ ರೆಕಾರ್ಡ್ ಹಾಕಿ ಜನರನ್ನು ಕುಣಿಸುವ ಸೊನಿದೆರೊ ಆತ. ಅಂದು ಮಧ್ಯಾಹ್ನವೇ ರಾಜಧಾನಿಯಿಂದ ಬಂದು ಆಟ ಶುರುಮಾಡಿದ್ದ. ಅವನ ರೆಕಾರ್ಡೊಂದು ಕಳುವಾಗಿತ್ತು.

“ಒಂದು ರೆಕಾರ್ಡಿಗೆ ಇಷ್ಟು ರಂಪವಾ?” ಎಂದರು ಇನ್‌ಸ್ಪೆಕ್ಟರ್ ಎಬೊದಿಯೊ ಲುನಾ.

“ಇಡೀ ದೇಶದಲ್ಲಿ ಅದು ನನ್ನ ಹತ್ರ ಮಾತ್ರ ಇರೋದು ಸಾರ್. ಆ ಹಾಡು ಇಲ್ಲ ಅಂದ್ರೆ ನನ್ನ ಕರೆಯೋರೇ ಇಲ್ಲ.”

“ಹಾಡಿದೋರು ಯಾರು?”

ಫಿದೆನ್ಸಿಯೊ ಹಿಂದೆ ಮುಂದೆ ನೋಡಿದ. “ಅದನ್ನ ಹೇಳೋ ಹಾಗಿಲ್ಲ.”

“ನಾನೇನು ನಾಳೆ ಲಾರಿ ಕಟ್ಕೊಂಡು ಹೊರಡ್ತೀನಾ? ಹೇಳಪ್ಪ.”

“ಎದೆಲ್ಮಿರಾ ಸೊಸಾ. ಎಪ್ಪತ್ನಾಲ್ಕರ ರೆಕಾರ್ಡು. ಆ ಹೆಸರು ನನಗೊಬ್ಬನಿಗೇ ಗೊತ್ತು ಸಾರ್.”

ಇವರ ಕಸುಬೇ ಹಾಗೆ. ಅಪರೂಪದ ರೆಕಾರ್ಡ್ ಸಿಕ್ಕಿದರೆ ಎದುರಾಳಿಗೆ ಸುಳಿವು ಸಿಗಬಾರದೆಂದು ನಡುವಿನ ಚೀಟಿಯನ್ನು ಬ್ಲೇಡಿನಿಂದ ಕೆರೆದುಬಿಡುತ್ತಾರೆ. ಹಾಡಿಗೆ ತಾವೇ ಹೆಸರಿಡುತ್ತಾರೆ. ಈತ ಇಟ್ಟದ್ದು ‘ಉಪ್ಪುಗಾಳಿ’. ಹಾಡಿದವಳ ಪಾಡು ಕೇಳುವವರಿಲ್ಲ.

8.05ಕ್ಕೆ ಎಫ್‌ಐಆರ್ ಆಯಿತು. ಲುನಾ ಮತ್ತು ಕಾನ್‌ಸ್ಟೆಬಲ್ ನಯೇಲಿ ಸ್ಥಳಕ್ಕೆ ಹೋಗಿ ಪಂಚನಾಮೆ ಬರೆದರು. 5.20ಕ್ಕೆ ಫಿದೆನ್ಸಿಯೊ ಆ ಹಾಡು ಹಾಕಿ ರೆಕಾರ್ಡನ್ನು ಪೆಟ್ಟಿಗೆಗೆ ಸೇರಿಸಿದ್ದ. 7.10ಕ್ಕೆ ಜನ ಮತ್ತೆ ಕೇಳಿದಾಗ ಅದಿರಲಿಲ್ಲ. ಪೆಟ್ಟಿಗೆಯ ಪಕ್ಕ ಒಂದು ಕುರ್ಚಿ ಇತ್ತು.

“ಇದು ಯಾರಿಗೆ ಹಾಕಿದ್ದು?” ನಯೇಲಿ ಸ್ಪೀಕರ್ ಕಾಯುವ ಮಕಾರಿಯೊನನ್ನು ಕೇಳಿದಳು.

“ಒಬ್ಬರು ಅಜ್ಜಿ ಕಾಲುನೋವು ಅಂದ್ರು, ಕೂರಿಸಿದೆ. ಆರು ಗಂಟೆಗೆ ಎದ್ದು ಹೋದ್ರು.”

“ನೋಡೋಕೆ ಹೇಗಿದ್ರು?”

“ಅಜ್ಜಿ ಹಾಗಿದ್ರು ಮೇಡಂ. ಕುಣಿಯೋ ಜಾಗದಲ್ಲಿ ಅಜ್ಜೀರ ಮುಖ ಯಾರು ನೋಡ್ತಾರೆ?”

ಸೋಮವಾರ ಬೆಳಿಗ್ಗೆ 9ಕ್ಕೆ ಲುನಾ, ನಯೇಲಿ, ಫಿದೆನ್ಸಿಯೊ ಮೂವರೂ ಆಟದ ಧ್ವನಿಮುದ್ರಣ ಕೇಳಲು ಠಾಣೆಯಲ್ಲಿ ಕೂತರು. ಕುಣಿಯಲು ಬಂದವರು ತಮ್ಮ ಹೆಸರು, ಊರು, ಯಾರಿಗೆ ನಮಸ್ಕಾರ ಎಂದು ಚೀಟಿ ಬರೆದು ಕೊಡುತ್ತಾರೆ. ಸೊನಿದೆರೊ ಹಾಡಿನ ಮೇಲೆಯೇ ಅದನ್ನು ಕೂಗುತ್ತಾನೆ. ಆ ಮುದ್ರಣ ಗಡಿಯಾಚೆ ದುಡಿಯಲು ಹೋದ ಅಣ್ಣತಮ್ಮಂದಿರಿಗೂ ತಲುಪುತ್ತದೆ. ನಾಲ್ಕು ಗಂಟೆಯ ಕೂಗಾಟ.

“ನನ್ನ ಕಿವಿ ತೂತು ಬಿತ್ತು ಸರ್,” ಎಂದಳು ನಯೇಲಿ.

ಸಂಜೆ 6.35ರ ಜಾಗದಲ್ಲಿ ಫಿದೆನ್ಸಿಯೊನ ಗಂಟಲು ಅಬ್ಬರಿಸಿತು: “ಅಲ್ವರಾಡೊ ಮೀನುಪೇಟೆ, ಏಳನೇ ಕಟ್ಟೆಯ ಒಬ್ದುಲಿಯಾ ಸೊಸಾ ಕಡೆಯಿಂದ, ಎಲ್ಲಿದ್ದರೂ ಅವರ ಅಕ್ಕ ಎದೆಲ್ಮಿರಾಗೆ!”

ಲುನಾ ಯಂತ್ರ ನಿಲ್ಲಿಸಿದರು.

“ಅಯ್ಯೋ, ನಾನೇ ಓದಿದ್ನಾ?”

“ನೀನೇ. ಗಂಟಲು ಹರ್ಕೊಂಡು.”

“ಚೀಟಿ ಬಾಯಿಗೆ ಬರುತ್ತೆ ಸಾರ್, ತಲೆಗೆ ಹೋಗಲ್ಲ.”

ಕದ್ದ ಮಾಲನ್ನು ಚೀಲದಲ್ಲಿಟ್ಟುಕೊಂಡು, ಆರಕ್ಕೆ ಕುರ್ಚಿಯಿಂದ ಎದ್ದ ಆಕೆ ಅರ್ಧ ಗಂಟೆಗೂ ಮಿಕ್ಕಿ ತನ್ನ ಚೀಟಿಯ ಸರದಿಗೆ ಕಾದಿದ್ದಳು. ಬೇರೆ ಕಡೆಯ ಕಳ್ಳರು ನಗಬಹುದು. ನಮ್ಮಲ್ಲಿ ಹೆಸರು ಕೂಗಿಸದೆ ಕುಣಿತದಿಂದ ಹೊರಟವರುಂಟೆ?

ಮಂಗಳವಾರ 10.30ಕ್ಕೆ ಲುನಾ, ನಯೇಲಿ ಅಲ್ವರಾಡೊದಲ್ಲಿ. ಆ ಬಂದರಿನವರ ಬೈಗುಳದ ಬಾಯಿ ದೇಶಕ್ಕೇ ಹೆಸರುವಾಸಿ. ಏಳನೇ ಕಟ್ಟೆಯಲ್ಲಿ ಅರವತ್ತಮೂರರ ಹೆಂಗಸು ಮೀನಿನ ಹುರುಪೆ ತೆಗೆಯುತ್ತಿದ್ದಳು.

“ಒಬ್ದುಲಿಯಾ ಸೊಸಾ ನೀವೇನಾ?”

“ಮೀನು ಬೇಕಾದ್ರೆ ನಿಂತ್ಕೊ. ಬೇಡ ಅಂದ್ರೆ ಬೆಳಕು ಬಿಡು.”

“ಪುಯೆಬ್ಲಾ ಪೊಲೀಸ್ ಅಮ್ಮ.”

ಆಕೆ ಚೂರಿ ಕೆಳಗಿಟ್ಟಳು. “ಆ ಬಾಯಿಬಡುಕ ಬೋಳಿಮಗ ಕಳಿಸಿದ್ನಾ?”

ಮನೆಯಲ್ಲಿ ಟವೆಲಿನಲ್ಲಿ ಸುತ್ತಿಟ್ಟ ರೆಕಾರ್ಡನ್ನು ತಾನೇ ತಂದುಕೊಟ್ಟಳು. ಕೆರೆದ ಜಾಗದ ಮೇಲೆ ಬಿಳಿ ಕಾಗದ ಅಂಟಿಸಿ ಅಕ್ಕನ ಹೆಸರು ಬರೆದಿದ್ದಳು.

“ಆಟದ ಧ್ವನಿಮುದ್ರಣ ಬೇಕು ಅಂದಿದ್ರೆ ಕೊಡ್ತಿದ್ರಲ್ಲಮ್ಮ?” ಎಂದಳು ನಯೇಲಿ.

“ಅದರಲ್ಲಿ ನಮ್ಮಕ್ಕ ಎಲ್ಲಿದ್ದಾಳೆ ಮಗಳೇ? ಅವಳು ಬಾಯಿ ತೆಗೆದಾಗೆಲ್ಲ ಅವನು ಯಾವನಿಗೋ ನಮಸ್ಕಾರ ಹೇಳ್ತಾನೆ. ಪಕ್ಕದ ಮನೆ ಹುಡುಗಿ ಫೋನಲ್ಲಿ ಒಂದು ಸಾಲು ಕೇಳಿಸ್ತು, ನಮ್ಮಕ್ಕನ ಹಾಡಿನ ಮಾತೇ. ಅದಕ್ಕೇ ಬಸ್ ಹತ್ತಿದೆ. ಅಲ್ಲೂ ಅದೇ ಹಾಡು, ಅದೇ ಅರಚಾಟ.”

“ಈಗ ಪೂರ್ತಿ ಕೇಳಿದ್ರಾ?”

“ನಮ್ಮನೇಲಿ ಅದನ್ನ ಹಾಕೋ ಯಂತ್ರ ಎಲ್ಲಿದೆ?”

ದಸ್ತಗಿರಿ 11.15ಕ್ಕೆ. ಸಂಜೆ 5ಕ್ಕೆ ಪುಯೆಬ್ಲಾ ಠಾಣೆಯಲ್ಲಿ ಮಾಲು ಗುರುತಿಸುವ ಪಂಚನಾಮೆ. ಅಚ್ಚಿನ ಗುರುತು ಕೆರೆದುಹೋದ ರೆಕಾರ್ಡ್. ಹಾಕಿ ಕೇಳಿಯೇ ಗುರುತಿಸಬೇಕು. ಫಿದೆನ್ಸಿಯೊ ಯಂತ್ರ ತಂದ. ಒಬ್ದುಲಿಯಾಳನ್ನು ಎದುರಿನ ಬೆಂಚಿನಲ್ಲಿ ಕೂರಿಸಿದರು.

“ಹಾಡು ಮುಗಿಯೋವರೆಗೆ ಯಾರೂ ಮಾತಾಡೋ ಹಾಗಿಲ್ಲ,” ಎಂದು ಲುನಾ ಫಿದೆನ್ಸಿಯೊನ ಕಡೆಗೇ ನೋಡಿದರು.

ಮೂರು ನಿಮಿಷ ಹುಡುಗಿಯೊಬ್ಬಳು ಹಾಡಿದಳು. ಸ್ವಲ್ಪ ದಪ್ಪ ದನಿ, ಕೊನೆಯಲ್ಲಿ ನಗು ತಡೆದುಕೊಂಡಂತೆ. ಅವಳ ನಗುವನ್ನು ಫಿದೆನ್ಸಿಯೊ ಕೂಡ ರೆಕಾರ್ಡ್ ಕೈಸೇರಿದ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿಸಿಕೊಂಡ. ಅವನು ಸಹಿ ಹಾಕಿದ. ರೆಕಾರ್ಡನ್ನು ಒರೆಸಿ ಲಕೋಟೆಗೆ ಹಾಕಿದ. ಬಿಳಿ ಕಾಗದವನ್ನು ಕೀಳಲಿಲ್ಲ.

ಕೃತ್ಯಕ್ಕೆ ಕಾರಣ ಬರೆಯುವ ಅಂಕಣ ಉಳಿದಿತ್ತು.

“ಹೇಳಿ ಅಮ್ಮ.”

“ರಾಜಧಾನಿಗೆ ಹೋಗಿ ಇದೊಂದೇ ಹಾಡು ಹಾಡಿ ಬಂದ್ಲು. ನಾಲ್ಕು ತಿಂಗಳಿಗೆ ಜ್ವರದಲ್ಲಿ ಸತ್ತಳು. ನನಗಾಗ ಹದಿನಾಲ್ಕು.” ಆಕೆ ಕಣ್ಣೊರೆಸಿಕೊಳ್ಳಲಿಲ್ಲ. “ಇಷ್ಟು ವರ್ಷ ದಿನಾ ಅವಳು ನನ್ನ ತಲೇಲಿ ಹಾಡ್ತಿದ್ದಳು ಸಾಹೇಬ್ರೇ. ಈಗ ರೆಕಾರ್ಡ್ ಕೇಳಿದ್ಮೇಲೆ ಗೊತ್ತಾಯ್ತು, ತಲೇಲಿ ಹಾಡ್ತಿದ್ದದ್ದು ಅವಳ ದನಿಯೇ ಅಲ್ಲ. ನಂದು.”

ಲುನಾ ಪೆನ್ನು ತೆಗೆದುಕೊಂಡು ಅಂಕಣದಲ್ಲಿ ಬರೆದರು: ಅಕ್ಕನ ದನಿ ಮರೆತುಹೋಗಿತ್ತು.