ಚಿತ್ರದ ಮೆಟ್ಟಿಲ ಮೇಲೆ

ಅಮೆರಿಕದ ಇರ್ವಿಂಗ್‌ನಲ್ಲಿ ಶಾಂತವ್ವ ಚಿಗವ್ವನ ಮಗು ನೋಡಿಕೊಳ್ಳಲು ಇದ್ದೆ. ಅವಳ ಹಾಲ್‌ನಲ್ಲಿ ವೆನಿಸ್ಸಿನ ದೊಡ್ಡ ಚಿತ್ರವಿತ್ತು. ಕಾಲುವೆ, ಕಮಾನು, ನೀರಿಗಿಳಿಯುವ ಮೆಟ್ಟಿಲು, ಎಲ್ಲವನ್ನೂ ಕೂದಲೆಳೆಯಷ್ಟು ನಯವಾಗಿ ಬರೆದಿದ್ದರು. ದಿನಾ ಬೆಳಿಗ್ಗೆ ಅದರ ಕೆಳಗಿನ ನೆಲ ಹಸಿಯಾಗಿ ಪಾಚಿ ನಾರುತ್ತಿತ್ತು.

“ಸಾಲಿ ಬಿಟ್ಟಾಕಿ, ನೆಲಾ ಒರಸೂದೂ ಬರೂದಿಲ್ಲೇನ? ಇನ್ನೊಮ್ಮೆ ಹಸಿ ಕಂಡ್ರ ಊರಿಗೆ ಕಳಸ್ತೀನಿ,” ಅಂದಳು ಚಿಗವ್ವ.

ರಾತ್ರಿ ಒಣಗುವಂತೆ ಒರೆಸಿದವಳು ನಾನು, ನನಗೆ ಗೊತ್ತು. ಸಂಜೆ ಚಿತ್ರದ ಕೆಳಗೆ, ಹೊಸ್ತಿಲಿಗೆ ಹಾಕುವಂತೆ, ಅಕ್ಕಿಹಿಟ್ಟಿನ ಕಮಲದ ರಂಗೋಲಿ ಹಾಕಿದೆ. “ಇದನ್ನ ದಾಟಿ ಬಾ, ನೋಡೇಬಿಡ್ತೀನಿ,” ಅಂತ ಚಿತ್ರದ ನೀರಿಗೆ ಅಂದೆ. ಸಿಟ್ಟಿನಲ್ಲಿ ಒಂದು ಎಸಳು ಬಿಟ್ಟುಹೋಯಿತು, ತಿದ್ದಲಿಲ್ಲ.

ಬೆಳಿಗ್ಗೆ ನೆಲ ಒಣಗಿತ್ತು. ಚಿಗವ್ವ ಚಿತ್ರದ ಮುಂದೆ ನಿಂತಿದ್ದಳು. “ಇದರೊಳಗ ಯಾರ ಹಾಕ್ಯಾರ ಇದನ್ನ?”

ನೀರಿನ ಪಕ್ಕದ ಮೆಟ್ಟಿಲ ಮೇಲೆ ನನ್ನದೇ ಕಮಲವಿತ್ತು. ಅದರಲ್ಲಿ ಒಂದು ಎಸಳೂ ಕಡಿಮೆ ಇರಲಿಲ್ಲ.