ಹೊಗೆ ಇರಲಿಲ್ಲ ಅಂದವನು

"ಒಲೆ ಆರಿಸು. ನಿನ್ನ ಹತ್ರ ಮಾತಾಡಬೇಕು."

ಮೀನು ಕರಿಯುತ್ತಿದ್ದ ಕ್ಲೇಟನ್ ತಿರುಗಿ ನೋಡಿದ. ನೋರೀನ್! ಕಾರಣವನ್ನೇ ಹೇಳದೆ ಅವನು ಬಿಟ್ಟುಬಂದಿದ್ದ ಅದೇ ನೋರೀನ್...

ಶುಕ್ರವಾರದ ಮೀನೂಟಕ್ಕೆ ಮಾಜಿ ಸೈನಿಕರ ಸಭಾಂಗಣದಲ್ಲಿ ಊರಿಗೆ ಊರೇ ಸೇರಿತ್ತು.

"ಜನ ತಟ್ಟೆ ಹಿಡ್ಕೊಂಡು ನಿಂತಿದ್ದಾರೆ ಕಣೇ."

"ನಿಂತಿರ್ಲಿ. ನಿಂಗೆ ಶ್ವಾಸಕೋಶದ ಕ್ಯಾನ್ಸರಂತೆ, ಪಿಂಚಣಿ ಅರ್ಜಿ ತಿರಸ್ಕಾರವಂತೆ. ಇಡೀ ನೆಬ್ರಾಸ್ಕಾಕ್ಕೆ ಗೊತ್ತು, ನನಗೆ ಮಾತ್ರ ಗೊತ್ತಿಲ್ಲ. ಸೈನಿಕರ ಪರ ಮೇಲ್ಮನವಿ ಹಾಕೋದೇ ನನ್ನ ಕೆಲಸ, ಮರೆತ್ಯಾ?"

"ಬೇಡ ಬಿಡು."

ಬಿಡುವವಳಾ ಅವಳು? ಹಿಡಿದರೆ ಉಡದ ಪಟ್ಟು! ಇರಾಕ್ ಯುದ್ಧದಲ್ಲಿ ಅವನ ಜೊತೆಗಿದ್ದ ಡ್ವೇನ್‌ನನ್ನು ಹುಡುಕಿ ಸಾಕ್ಷಿ ಹೇಳಲು ಒಪ್ಪಿಸಿದಳು. ರೋಗ ಜೋರಾಗಿದ್ದರಿಂದ ವಿಚಾರಣೆಯ ಸರದಿಯೂ ಬೇಗ ಬಂತು. ಆದರೆ ಒಳಗೊಳಗೇ ಅಳುಕು... ಇವನಿಗೆ ನಾನೂ ಬೇಡ, ಬದುಕೂ ಬೇಡವಾ?

"ಶಿಬಿರದ ಕಸವನ್ನೆಲ್ಲ ಗುಂಡಿಗೆ ಹಾಕಿ ಸುಡ್ತಿದ್ರು ಮೇಡಂ," ಎಂದ ಡ್ವೇನ್, ವಿಚಾರಣೆಯ ದಿನ. "ನಮ್ಮ ಕಾಫಿಗೆ ಬೂದಿ ಉದುರ್ತಿತ್ತು."

ನ್ಯಾಯಾಧೀಶೆ ಕ್ಲೇಟನ್ ಕಡೆ ತಿರುಗಿದರು. "ಇರಾಕಿನಿಂದ ಮನೆಗೆ ಹೊರಡುವಾಗ ಸೇನೆಯ ಡಾಕ್ಟರಿಗೆ 'ಹೊಗೆ ಇರಲಿಲ್ಲ' ಅಂದಿದ್ದೀರಿ. ಅರ್ಜಿ ಬಿದ್ದದ್ದೇ ಅದಕ್ಕೆ. ಯಾಕೆ ಹಾಗಂದ್ರಿ?"

ಅವನು ತಲೆ ತಗ್ಗಿಸಿದ.

"ಸುಳ್ಳು ಹೇಳ್ದೆ ಮೇಡಂ. ನಮ್ಮಲ್ಲಿ ಎಲ್ರೂ ಹಾಗೇ ಹೇಳ್ತಿದ್ರು. ಹೂಂ ಅಂದೋರನ್ನ ತಪಾಸಣೆ ಅಂತ ಅಲ್ಲೇ ಉಳಿಸ್ಕೊಳ್ತಿದ್ರು."

"ಉಳಿಯೋಕೆ ಆಗದಂಥ ಅವಸರ ಏನಿತ್ತು?"

ಅವನು ನೋರೀನ್‌ಳನ್ನು ನೋಡಿ ಕಣ್ಣು ಕೆಳಗೆ ಹಾಕಿದ.

"ಶನಿವಾರ ಇವಳ ಅಪ್ಪನ ಮಣ್ಣು ಇತ್ತು. ಇವಳಿಗೆ ಬೇರೆ ಯಾರೂ ಇರ್ಲಿಲ್ಲ."

ನೋರೀನ್‌ಗೆ ಆ ಶನಿವಾರ ನೆನಪಾಯಿತು. ಅಂದು ಸ್ಮಶಾನದಲ್ಲಿ ಸಮವಸ್ತ್ರದಲ್ಲೇ ಬಂದು ಅವಳ ಕೈ ಹಿಡಿದು ನಿಂತಿದ್ದ. ಕೆಮ್ಮುತ್ತಲೇ ಇದ್ದ. ಕೇಳಿದ್ದಕ್ಕೆ, ಪ್ರಯಾಣದ ಧೂಳು ಅಂದಿದ್ದ! ಎಂಥ ಮನುಷ್ಯ ಇವನು...

ಹೊರಗೆ ಬಂದ ಮೇಲೆ ಕೇಳಿದಳು. "ಇದಕ್ಕೇ ನನ್ನ ಬಿಟ್ಟು ಹೋದ್ಯಾ?"

"'ಎಲ್ಲಾ ನನ್ನಿಂದಲೇ ಆಯ್ತು' ಅಂತ ನೀನು ಕೊರಗ್ತೀಯ ಅಂತ..."

"ಕೊರಗ್ತೀನಿ. ನಿನ್ನ ಪಕ್ಕದಲ್ಲೇ ಕೂತ್ಕೊಂಡು ಕೊರಗ್ತೀನಿ. ಏನೀಗ?"

ವಸಂತದಲ್ಲಿ ತೀರ್ಪು ಬಂತು. ಕ್ಯಾನ್ಸರಿಗೆ ಆ ಹೊಗೆಯೇ ಕಾರಣವೆಂದು ಒಪ್ಪಿ ಪಿಂಚಣಿ ಮಂಜೂರು ಮಾಡಿದ್ದರು. ಸುದ್ದಿ ಹೇಳಲು ನೋರೀನ್ ಓಡೋಡಿ ಬಂದಾಗ ಅವನು ಔಷಧಿಯ ಸುಸ್ತಿನಲ್ಲಿ ಜಗಲಿಯ ಕುರ್ಚಿಗೆ ಒರಗಿದ್ದ. ಕೇಳಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಅವಳು ಆ ಕೈಗಳನ್ನು ಬಿಡಿಸಿ ಹಿಡಿದುಕೊಂಡಳು.

"ಈಗ ನಾನು ಕೇಳ್ತೀನಿ, ಡಾಕ್ಟರಿಗೆ ಹೇಳಿದ ಹಾಗೆ ಹೇಳಬೇಡ. ನೋವಿದ್ಯಾ?"

"...ಇದೆ."

"ಭಯ?"

"ಇದೆ."

"ನಾನು ಬೇಕಾ?"

"ಬೇಕು ಕಣೇ. ಅವತ್ತೂ ಅದಕ್ಕೇ ಓಡಿ ಬಂದಿದ್ದು."